ನನ್ನ ತಾಯಿಯ ಬಾಯಿ ಮುಚ್ಚಿಸಿದ ನಾಲ್ಕನೆಯ ಸಾಲು

ಜಿಲ್ಲಾ ಮಕ್ಕಳ ಮಾತು ತಪಾಸಣಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕೇಂದ್ರ ತಂದೆತಾಯಂದಿರ ಕೈಗೆ ಕೊಡುವ ಹಸಿರು ಸಲಹಾಪತ್ರದ ನಾಲ್ಕನೆಯ ಸಾಲು ಸುಳ್ಳು. ನಿಮಗೆ ನೆನಪಿರಲಿಕ್ಕಿಲ್ಲ, ನನಗೆ ಬಾಯಿಪಾಠವಾಗಿದೆ: "ಮಗುವಿನ ಭಾಷಾ ಬೆಳವಣಿಗೆಯ ಹಿತದೃಷ್ಟಿಯಿಂದ ಮನೆಯಲ್ಲಿ ಚೀನಾ ದೇಶದ ಅಧಿಕೃತ ಭಾಷೆಯಾದ ಪುಟೊಂಗ್‌ಹ್ವಾ ಒಂದನ್ನೇ ಬಳಸತಕ್ಕದ್ದು, ಪ್ರಾದೇಶಿಕ ಮಾತುಗಳ ಬಳಕೆಯನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು." ಈ ಸಾಲನ್ನು ನಾನು ಹದಿನೇಳು ತಿಂಗಳು ಚಾಚೂ ತಪ್ಪದೆ ಪಾಲಿಸಿದೆ. ಆ ಹದಿನೇಳು ತಿಂಗಳಲ್ಲಿ, ನಮ್ಮ ಕರಾವಳಿಯ ಮಿನ್ನಾನ್ ಭಾಷೆ ಬಿಟ್ಟು ಬೇರೇನೂ ಅರಿಯದ ನನ್ನ ತಾಯಿ ಮೊಮ್ಮಗಳೊಡನೆ ಮಾತು ಬಿಟ್ಟಳು, ಮನೆ ಬಿಟ್ಟಳು, ಕೊನೆಗೆ ಪ್ರಾಣವನ್ನೂ ಬಿಟ್ಟಳು. ನನ್ನ ಮಗಳ ಭಾಷೆಯೇನಾದರೂ ಬೆಳೆಯಿತೇ ಎಂದು ಕೇಳುವಿರಾದರೆ, ಇಲ್ಲ. ಇದ್ದದ್ದೂ ಹೋಯಿತು.

ನಾನು ಕೊಡೆ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವವಳು. ಗಂಡ ಆಳಸಮುದ್ರದ ದೋಣಿಯಲ್ಲಿ. ಮೀನು ಹಿಡಿಯುವುದು ನಿಷೇಧವಾಗಿರುವ ಬೇಸಿಗೆಯಲ್ಲಿ ಮಾತ್ರ ಮನೆಯಲ್ಲಿರುತ್ತಾನೆ. ಮಗಳು ಯುನ್‌ಟಿಂಗ್ ಹುಟ್ಟಿದ ದಿನದಿಂದ ಅವಳನ್ನು ಸಾಕಿದ್ದು ನನ್ನ ತಾಯಿ. ಅಂಗಳದಲ್ಲಿ ಕುಳಿತು ಸಿಂಪಿ ಒಡೆಯುವುದು ಅವಳ ಕಸುಬು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಸಿಂಪಿಗೂ ಬೈಯುತ್ತಿದ್ದಳು, ಬಿಸಿಲಿಗೂ ಬೈಯುತ್ತಿದ್ದಳು, ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಅವರ ಮನೆಯ ಸೊಸೆಯ ಕ್ಷೇಮ ವಿಚಾರಿಸಿ ಆಮೇಲೆ ಅವರಿಗೂ ಬೈಯುತ್ತಿದ್ದಳು. ಯುನ್‌ಟಿಂಗ್ ಪಕ್ಕದ ಮಣೆಯ ಮೇಲೆ ಕುಳಿತು "ಅಮಾ, ಇದು? ಅಮಾ, ಅದು?" ಎನ್ನುತ್ತಿದ್ದಳು. ಅಮಾ ಎಂದರೆ ಅಜ್ಜಿ.

ನಾಲ್ಕು ವರ್ಷವಾದರೂ ಮಗಳ ವಾಕ್ಯ ಎರಡು ಪದ ದಾಟಲಿಲ್ಲ. ಕಿವಿ ಸರಿ, ಬುದ್ಧಿ ಸರಿ, ಮಾತು ಮಾತ್ರ ಸರಿ ಇಲ್ಲ. ನಮ್ಮ ಮಾತಿನಲ್ಲಿ ಎಣಿಸುವಾಗ ಮೀನಿಗೊಂದು, ಮೇಜಿಗೊಂದು, ಕೊಡೆಗೊಂದು ಎಂದು ಸಂಖ್ಯೆಯ ಜೊತೆ ಸೇರಿಸಬೇಕಾದ ಬೇರೆ ಬೇರೆ ಪದಗಳನ್ನು ಬಿಟ್ಟು ಎಲ್ಲಕ್ಕೂ ಒಂದೇ ಪದ ಹಚ್ಚುತ್ತಿದ್ದಳು. ಯಾರು ಯಾರಿಗೆ ಹೊಡೆದರು ಎಂದು ಕೇಳಿದರೆ ಹೊಡೆದವರೂ ಹೊಡೆಸಿಕೊಂಡವರೂ ಅದಲುಬದಲು. ಶಿಶುವಿಹಾರದ ಶಿಕ್ಷಕಿ ನಿಮ್ಮ ಕೇಂದ್ರಕ್ಕೆ ಕಳುಹಿಸಿದರು. ಕೃತಜ್ಞತೆಯಿಂದಲೇ ಬಂದೆ, ಮಾನ್ಯರೇ. ಅರ್ಧ ದಿನದ ರಜೆ ಹಾಕಿ, ಮಗಳಿಗೆ ಹೊಸ ಅಂಗಿ ತೊಡಿಸಿ ಬಂದೆ.

ನಿಮ್ಮ ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ತಪಾಸಣೆ ಮಾಡಲು ಕುಳಿತ ನಿಮ್ಮ ಹುಡುಗಿ ಒಳ್ಳೆಯವಳು, ಆದರೆ ಅವಳ ಕೈಯಲ್ಲಿದ್ದ ಚಿತ್ರಗಳು ಯಾವ ದೇಶದವೋ. ಹಿಮದಲ್ಲಿ ಜಾರುವ ಬಂಡಿ. ಬ್ರೆಡ್ ಸುಡುವ ಒಲೆ. ನಮ್ಮ ಮಗು ಹಿಮ ಕಂಡಿಲ್ಲ, ಒಲೆಯಲ್ಲಿ ಬ್ರೆಡ್ ಸುಡುವುದನ್ನೂ ಕಂಡಿಲ್ಲ. ಸಿಂಪಿಯ ಚಿತ್ರವೊಂದಿದ್ದರೆ ತೋರಿಸಿ ಎಂದೆ. "ಅದು ಪಟ್ಟಿಯಲ್ಲಿಲ್ಲ ಅಕ್ಕಾ" ಅಂದಳು. ಮಗಳು ಮಿನ್ನಾನ್‌ನಲ್ಲಿ ಉತ್ತರ ಕೊಟ್ಟಾಗಲೆಲ್ಲ ಸೊನ್ನೆ ಹಾಕಿದಳು. "ಸರಿಯಾಗೇ ಹೇಳಿದ್ಲಲ್ಲ?" ಎಂದು ಕೇಳಿದೆ. "ಸರಿ ಅಂತ ನಂಗೂ ಗೊತ್ತು. ನಮ್ಮನೇಲೂ ಹಂಗೇ ಅಂತಾರೆ. ಆದ್ರೆ ಬರಿಯೋಕೆ ಜಾಗ ಇಲ್ಲ." ನನ್ನ ಮಗಳ ಮಾತಿಗೆ ನಿಮ್ಮ ಕಾಗದದಲ್ಲಿ ಜಾಗ ಇರಲಿಲ್ಲ, ಅದಕ್ಕೇ ಅದು ಮಾತೇ ಅಲ್ಲವೆಂದಾಯಿತು.

'ಫ' ಅನ್ನು 'ಹ' ಎನ್ನುತ್ತಾಳೆ ಎಂಬುದನ್ನೂ ದೋಷಗಳ ಸಾಲಿಗೆ ಸೇರಿಸಿದಿರಿ. ಸ್ವಾಮಿ, ಕೇಂದ್ರದ ಉದ್ಘಾಟನೆಯ ದಿನ ವೇದಿಕೆಯ ಮೇಲೆ ನಿಂತು ನೀವೇ ನಮ್ಮ ಪ್ರಾಂತ್ಯವನ್ನು ಒಂಬತ್ತು ಸಲ "ಹುಜಿಯಾನ್" ಎಂದಿರಿ. ಫುಜಿಯಾನಿನ ಜನ ನಾವು, ನಮ್ಮ ನಾಲಿಗೆಯೇ ಹಾಗೆ. ಯಾರೂ ನಗಲಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದೆವು. ನಿಮಗೆ ಯಾರೂ ಹಸಿರು ಕಾಗದ ಕೊಡಲಿಲ್ಲ. ನಿಮ್ಮ ತಾಯಿಯ ಬಾಯಿ ಮುಚ್ಚಿಸಿ ಎಂದು ಯಾರೂ ನಿಮ್ಮ ಮನೆಗೆ ಬರೆಯಲಿಲ್ಲ.

ಆ ಕಾಗದ ಹಿಡಿದು ಮನೆಗೆ ಬಂದೆ. ಅಮ್ಮ ಸಿಂಪಿಯ ಬುಟ್ಟಿ ತೊಳೆಯುತ್ತಿದ್ದಳು. ಹೇಳಿದೆ.

"ಅಂದ್ರೆ ನಾನ್ ಮಾತಾಡಿದ್ರೆ ಮಗೂಗೆ ರೋಗ ಬರತ್ತಾ?" ಎಂದಳು.

"ರೋಗ ಅಲ್ಲಮ್ಮ. ಎರಡೆರಡು ಭಾಷೆ ಕೇಳಿದ್ರೆ ತಲೇಲಿ ಗೊಂದಲ ಆಗತ್ತಂತೆ."

"ನಿಂಗಾಗ್ಲಿಲ್ವಲ್ಲ! ನಿಮ್ಮಣ್ಣಂಗಾಗ್ಲಿಲ್ವಲ್ಲ! ಬಾಯಿ ಬಿಟ್ರೆ ಮುಚ್ಚೋಳಲ್ಲ ನೀನು."

"ಅವ್ರು ಓದಿದೋರು ಕಣಮ್ಮ."

ಅಮ್ಮ ಕೈ ಒರೆಸಿಕೊಂಡು ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿದಳು. ಅವಳಿಗೆ ಓದು ಬಾರದು. "ಓದಿದೋರು ಅಂದ್ಮೇಲೆ ಸರಿ. ಮಗೂಗೆ ಒಳ್ಳೇದಾಗೋದಾದ್ರೆ ನಾನೂ ಕಲೀತೀನಿ ಬಿಡು," ಎಂದಳು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ.

ನಿಜಕ್ಕೂ ಪ್ರಯತ್ನಪಟ್ಟಳು, ಮಾನ್ಯರೇ. ಅವಳ ಪುಟೊಂಗ್‌ಹ್ವಾ ಎಂದರೆ ಟೀವಿಯ ವಾರ್ತೆಯಿಂದ ಹೆಕ್ಕಿದ ಮೂವತ್ತು ಮಾತು. ಗಂಜಿಯ ಬಟ್ಟಲು ಮುಂದಿಟ್ಟು, ಬೆನ್ನು ನೆಟ್ಟಗೆ ಮಾಡಿ, "ಪ್ರಿಯ ವೀಕ್ಷಕರೇ, ನಮಸ್ಕಾರ. ಆಹಾರವನ್ನು ಸೇವಿಸಿರಿ" ಎನ್ನುತ್ತಿದ್ದಳು. ಮೊದಲ ದಿನ ನಾನೂ ನನ್ನ ಗಂಡನೂ ಫೋನಿನಲ್ಲಿ ಹೊಟ್ಟೆ ಹಿಡಿದು ನಕ್ಕೆವು. ಮಗಳು ನಗಲಿಲ್ಲ. ಇದು ಯಾರು ಎನ್ನುವಂತೆ ಅಜ್ಜಿಯ ಮುಖ ನೋಡಿದಳು.

ಮೂವತ್ತು ಮಾತು ಎಷ್ಟು ದಿನ ಬಂದೀತು? ಮಗು ಬಿದ್ದರೆ ಸಮಾಧಾನಕ್ಕೆ ಅದರಲ್ಲಿ ಪದವಿರಲಿಲ್ಲ. ಹಟ ಮಾಡಿದರೆ ಬೈಯಲು ಇರಲಿಲ್ಲ. ಮುದ್ದಿಸಲಂತೂ ಒಂದೂ ಇರಲಿಲ್ಲ. ವಾರ್ತೆಯಲ್ಲಿ ಯಾರು ಯಾರನ್ನು ಮುದ್ದಿಸುತ್ತಾರೆ? ಅಮ್ಮ ಮೆಲ್ಲಗೆ ಸನ್ನೆಗೆ ಇಳಿದಳು. ಬಾ, ಕೂರು, ಬೇಡ. ಮಗಳೂ ಸನ್ನೆ ಕಲಿತಳು. ಅಂಗಳದಲ್ಲಿ ಸಿಂಪಿ ಒಡೆಯುವ ಸದ್ದು ಮಾತ್ರ ಉಳಿಯಿತು. ನಿಮ್ಮ ಕೇಂದ್ರ ಪ್ರತಿ ತಿಂಗಳೂ ತುಂಬಿ ಕೊಡಲು ಒಂದು ನಮೂನೆ ಕೊಟ್ಟಿತ್ತಲ್ಲ, "ಮನೆಯಲ್ಲಿ ಪ್ರಾದೇಶಿಕ ಮಾತಿನ ಬಳಕೆ: ಹೆಚ್ಚು, ಕಡಿಮೆ, ಇಲ್ಲ" ಎಂದು? ಮೂರನೆಯ ತಿಂಗಳಿಗೇ ನಾನು 'ಇಲ್ಲ' ಎಂದು ಗುರುತು ಹಾಕಿದೆ. ನಿಮ್ಮ ಹುಡುಗಿ "ಶಭಾಷ್ ಅಕ್ಕಾ" ಎಂದಳು. ಹೆಮ್ಮೆಯಾಯಿತು. ಹೌದು, ಹೆಮ್ಮೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮೇ ತಿಂಗಳ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಬೇಗ ಮನೆಗೆ ಬಂದೆ. ಹಿತ್ತಿಲ ಗೋಡೆಯ ಮರೆಯಲ್ಲಿ ಅಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಕದ್ದ ಮಾಲು ಹಂಚುವವರ ಹಾಗೆ ಆಚೀಚೆ ನೋಡುತ್ತ, ಮಿನ್ನಾನ್‌ನಲ್ಲಿ, ಒಂದು ಏಡಿ ತನ್ನ ಮನೆಯ ಬಾಗಿಲು ಮರೆತ ಕಥೆ ಹೇಳುತ್ತಿದ್ದಳು. ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ನಡುವೆ "ಆಮೇಲೆ? ಏಡಿ ಎಲ್ಲಿ?" ಎಂದಳು. ನೋಡಿ, ಮೂರು ಪದ. ಏಳು ತಿಂಗಳಲ್ಲಿ ನಾನು ಅವಳ ಬಾಯಿಂದ ಕೇಳಿದ ಮೊದಲ ಮೂರು ಪದ. ಬೇರೆ ಯಾವ ತಾಯಿಯಾದರೂ ಓಡಿ ಹೋಗಿ ಇಬ್ಬರನ್ನೂ ತಬ್ಬಿಕೊಳ್ಳುತ್ತಿದ್ದಳು. ನಾನು ನಿಮ್ಮ ನಾಲ್ಕನೆಯ ಸಾಲನ್ನು ಓದಿಕೊಂಡಿದ್ದವಳು.

"ಅಮ್ಮಾ! ನೀನೇ ಕಣೇ ಇವಳನ್ನ ಹಾಳ್ಮಾಡ್ತಿರೋದು!"

ಅಮ್ಮ ಮಗುವನ್ನು ಕೆಳಗಿಳಿಸಿದಳು. ಜೀವಮಾನವಿಡೀ ಎದುರು ಮಾತಾಡಿದವಳು ಆ ದಿನ ಮಾತಾಡಲಿಲ್ಲ.

ಅದೇ ವಾರ ನನ್ನ ಗಂಡ ದೋಣಿಯಿಂದ ಬಂದ. ಅಮ್ಮ ಬಟ್ಟೆಯ ಗಂಟು ಕಟ್ಟಿಕೊಂಡು, ದ್ವೀಪದಲ್ಲಿರುವ ಅಣ್ಣನ ಮನೆಗೆ ಹೊರಟು ನಿಂತಳು. "ಅಳಿಯ ಬಂದಿದಾನಲ್ಲ, ಮಗು ನೋಡ್ಕೊಳ್ಳೋಕೆ ಜನ ಆಯ್ತು," ಎಂದಳು. ಅವನು ತಡೆದ. "ಇಲ್ಲಪ್ಪ, ಹತ್ರ ಇದ್ರೆ ಈ ಹಾಳು ಬಾಯಿ ಸುಮ್ನಿರಲ್ಲ. ದೂರ ಇದ್ರೆ ಸುಮ್ನಿರತ್ತೆ." ನಾನು ತಡೆಯಲಿಲ್ಲ.

ಆಮೇಲೆ ಏಳು ತಿಂಗಳು ನಮ್ಮ ಮನೆಯಲ್ಲಿ ಫೋನಿನಲ್ಲಿ ನಡೆದದ್ದನ್ನು ನೀವು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಪ್ರತಿ ಭಾನುವಾರ ಅಣ್ಣ ವೀಡಿಯೊ ಕರೆ ಮಾಡಿ ಫೋನನ್ನು ಅಮ್ಮನ ಕೈಗೆ ಕೊಡುತ್ತಿದ್ದ. ಅಮ್ಮ ಮಾತಾಡುತ್ತಿರಲಿಲ್ಲ. ಒಂದು ಕಿತ್ತಳೆ ಎತ್ತಿ ತೋರಿಸುತ್ತಿದ್ದಳು. ಒಣಗಿದ ಮೀನು ತೋರಿಸುತ್ತಿದ್ದಳು. ಹೊಸ ಚಪ್ಪಲಿ ತೊಟ್ಟ ಕಾಲು ತೋರಿಸುತ್ತಿದ್ದಳು. ನನ್ನ ಮಗಳು ಪರದೆಯನ್ನು ಬೆರಳಿಂದ ಮುಟ್ಟುತ್ತಿದ್ದಳು. ಇಬ್ಬರೂ ಒಂದು ಶಬ್ದವಿಲ್ಲದೆ ಹತ್ತು ನಿಮಿಷ ಕೂರುತ್ತಿದ್ದರು. ಕರೆ ಮುಗಿದ ಮೇಲೆ ಅಮ್ಮ ಗಂಟಲು ಬಿಟ್ಟು ಅಳುತ್ತಿದ್ದಳೆಂದು ಅಣ್ಣ ನನಗೆ ಹೇಳಿದ್ದು ಅವಳ ಶವಸಂಸ್ಕಾರದ ದಿನ.

ಡಿಸೆಂಬರಿನಲ್ಲಿ ಕಫ ಕಟ್ಟಿ ನಾಲ್ಕೇ ದಿನಕ್ಕೆ ಹೋದಳು. ಅಮ್ಮ ಸತ್ತದ್ದಕ್ಕೆ ನೀವು ಕಾರಣರೆಂದು ನಾನು ಹೇಳುತ್ತಿಲ್ಲ. ಅವಳು ಮಾತಿಲ್ಲದೆ ಸತ್ತದ್ದಕ್ಕೆ ಕಾರಣ ನೀವು ಮತ್ತು ನಾನು.

ಮಾರ್ಚಿನಲ್ಲಿ ಮಗಳನ್ನು ಬೇರೊಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯ ಮಾತಿನ ವೈದ್ಯೆ ನಮ್ಮ ಕಡೆಯವಳು. ಮೊದಲು ಪುಟೊಂಗ್‌ಹ್ವಾದಲ್ಲಿ, ಆಮೇಲೆ ಮಿನ್ನಾನ್‌ನಲ್ಲಿ ಆಟವಾಡಿಸುತ್ತ ಎರಡು ಗಂಟೆ ಪರೀಕ್ಷಿಸಿದಳು. ಕೊನೆಗೆ ಹೇಳಿದಳು: "ನೋಡಿ, ಇವಳಿಗೆ ಭಾಷೆಯ ತೊಂದರೆ ಇರೋದು ನಿಜ. ಹುಟ್ಟಿಂದ ಬಂದಿದ್ದು. ಒಂದೇ ಭಾಷೆ ಇದ್ರೂ ಇರ್ತಿತ್ತು, ನಾಲ್ಕಿದ್ರೂ ಇರ್ತಿತ್ತು. ಎರಡು ಭಾಷೆ ಕೇಳೋದ್ರಿಂದ ಇದು ಬರಲ್ಲ, ಹೆಚ್ಚಾಗೋದೂ ಇಲ್ಲ. ಇಂಥ ಮಕ್ಕಳಿಗೆ ಬೇಕಾಗಿರೋದು ಮಾತು. ರಾಶಿ ರಾಶಿ ಮಾತು. ಮನೇಲಿ ಯಾರು ಜಾಸ್ತಿ ಮಾತಾಡ್ತಾರೆ?"

"ನನ್ನ ತಾಯಿ," ಎಂದೆ.

"ಅವರನ್ನೇ ಕರ್ಕೊಂಡು ಬನ್ನಿ. ನಂಗಿಂತ ಅವರೇ ಮುಖ್ಯ. ಹೆಂಗೆ ಆಡಿಸ್ಬೇಕು ಅಂತ ಅವರಿಗೇ ಹೇಳಿಕೊಡ್ತೀನಿ."

"ಅವರು ಬರೋ ಹಂಗಿಲ್ಲ, ಡಾಕ್ಟ್ರೇ. ಮುಂದಿನ ತಿಂಗಳು ಸಮಾಧಿ ಗುಡಿಸೋ ಹಬ್ಬಕ್ಕೆ ನಾವೇ ಅವರ ಹತ್ರ ಹೋಗ್ಬೇಕು," ಎಂದು ನಿಮ್ಮ ಹಸಿರು ಕಾಗದವನ್ನು ಮುಂದಿಟ್ಟೆ. ಅವಳು ಓದಿದಳು. ಓದಿ ಮಡಿಸಿದಳು. ಆಮೇಲೆ ಬಹಳ ಹೊತ್ತು ನನ್ನ ಮಗಳ ಜಡೆಯನ್ನು ಸರಿಮಾಡುತ್ತ ಕುಳಿತಳು.

ಮಾನ್ಯರೇ, ಅದಾದ ಮೇಲೆ ನಾನು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೆಯ ಸಲ ನಿಮ್ಮ ದರ್ಶನವಾಯಿತು. ಎಲ್ಲ ಕೇಳಿ, "ನಮ್ಮ ಉದ್ದೇಶ ಒಳ್ಳೆಯದೇ ಇತ್ತಮ್ಮ. ಶಾಲೆಗೆ ಹೋದ ಮೇಲೆ ಪುಟೊಂಗ್‌ಹ್ವಾ ಬೇಕಲ್ಲವೇ?" ಎಂದಿರಿ. ಬೇಕು. ಬೇಡವೆಂದವರು ಯಾರು? ನನ್ನ ಮಗಳು ಅದನ್ನು ಕಲಿಯಲಿ, ಚೆನ್ನಾಗಿ ಕಲಿಯಲಿ, ನಿಮ್ಮ ಕುರ್ಚಿಯಲ್ಲಿ ಕುಳಿತು ಭಾಷಣ ಮಾಡುವಷ್ಟು ಕಲಿಯಲಿ. ಆದರೆ ಒಂದು ಮಾತು ಕಲಿಸಲು ಇನ್ನೊಂದರ ಕತ್ತು ಹಿಸುಕಬೇಕೆಂದು ಯಾವ ಶಾಸ್ತ್ರ ಹೇಳಿತು? ಹೇಳಿದ್ದರೆ ಅದನ್ನು ಬರೆದವರು ಯಾರು? ಕೇಳಿದ್ದಕ್ಕೆ "ಮೊದಲಿಂದ ಹಾಗೇ ಅಚ್ಚಾಗುತ್ತಿದೆ" ಎಂದಿರಿ. ಒಂದು ಮನೆಯ ಮಾತು ನಿಂತದ್ದು, ಯಾರೂ ಮರಳಿ ಓದದ ಒಂದು ಅಚ್ಚಿನ ಸಾಲಿನಿಂದ ಎಂದು ತಿಳಿದಾಗ ನನಗೆ ಅಳುವೂ ಬರಲಿಲ್ಲ.

ಏಪ್ರಿಲಿನಲ್ಲಿ ಸಮಾಧಿಗೆ ಹೋದೆವು. ಹುಲ್ಲು ಕಿತ್ತು, ಹಣ್ಣಿಟ್ಟು, ಊದುಬತ್ತಿ ಹಚ್ಚಿದೆವು. ಒಂದು ತಿಂಗಳಿಂದ ನಾನು ಮಗಳೊಡನೆ ಮಿನ್ನಾನ್ ಆಡುತ್ತಿದ್ದೆ. ಅಮ್ಮನಷ್ಟು ಬಾಯಿ ನನಗಿಲ್ಲ, ಆದರೂ ಆಡುತ್ತಿದ್ದೆ. ಮಗಳು ಕಲ್ಲಿನ ಹತ್ತಿರ ಹೋಗಿ, ಬಾಯಿ ಅಗಲಿಸಿ, ಮುಂದಿನ ಹಲ್ಲು ಬಿದ್ದ ಜಾಗವನ್ನು ತೋರಿಸಿದಳು. ಕಲ್ಲು ಏನೂ ಹೇಳಲಿಲ್ಲವೆಂದೋ ಏನೋ, ಸ್ವಲ್ಪ ಹೊತ್ತು ಕಾದು, ತಾನೇ ಶುರು ಮಾಡಿದಳು. "ಅಮಾ. ಹಲ್ಲು. ಬಿತ್ತು ನಿನ್ನೆ. ರಕ್ತ ಸ್ವಲ್ಪ. ನಾನು ಅಳ್ಲಿಲ್ಲ ನಾನು." ಪದಗಳು ಹಿಂದುಮುಂದಾಗಿದ್ದವು. 'ನಿನ್ನೆ' ಎಂದದ್ದು ಹಿಂದಿನ ವಾರದ ಸಂಗತಿ. ನಿಮ್ಮ ನಮೂನೆಯಲ್ಲಿ ಇದಕ್ಕೆ ಸೊನ್ನೆ ಬೀಳುತ್ತದೆ. ನಾನು ಕೇಳಿದ ಅವಳ ಮೊದಲ ಕಥೆ ಅದು. ಕೇಳಬೇಕಾದವಳು ಮಣ್ಣಿನ ಕೆಳಗಿದ್ದಳು. ಹುಲ್ಲು ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡೆ.

ನನಗೆ ನಿಮ್ಮ ಪರಿಹಾರ ಬೇಡ. ಕ್ಷಮೆಯನ್ನೂ ಕೇಳಬೇಡಿ, ಕೇಳಬೇಕಾದವರ ಸರದಿಯಲ್ಲಿ ನನ್ನ ಹೆಸರು ನಿಮಗಿಂತ ಮೊದಲಿದೆ. ನಾನು ಕೇಳುವುದು ಇಷ್ಟು. ಮಗು ಯಾವ ಮಾತಿನಲ್ಲಿ ಉತ್ತರಿಸಿದರೂ ಅದನ್ನು ಬರೆಯಲು ನಿಮ್ಮ ಕಾಗದದಲ್ಲಿ ಜಾಗ ಮಾಡಿ. ಆ ನಾಲ್ಕನೆಯ ಸಾಲನ್ನು ಹೊಡೆದುಹಾಕಿ. ಹೊಸದಾಗಿ ಅಚ್ಚು ಹಾಕಿ ಸುಮ್ಮನಾಗಬೇಡಿ, ಇಷ್ಟು ವರ್ಷ ಆ ಕಾಗದ ಒಯ್ದ ಪ್ರತಿಯೊಂದು ಮನೆಗೂ ಆಳು ಕಳುಹಿಸಿ. ಕಳುಹಿಸುವವರು ಮಿನ್ನಾನ್ ಬಲ್ಲವರಾಗಿರಲಿ, ಏಕೆಂದರೆ ಸುದ್ದಿ ಮುಟ್ಟಬೇಕಾದವರಲ್ಲಿ ಹಲವರಿಗೆ ಓದು ಬಾರದು. ನಮ್ಮದು ತಪ್ಪಾಗಿತ್ತು, ಇವತ್ತಿನಿಂದಲೇ ಮಾತಾಡಿ ಎಂದು ಬಾಯಿಬಿಟ್ಟು ಹೇಳಿಸಿ. ಆ ಮನೆಗಳ ಮೂಲೆಯಲ್ಲಿ ಬಾಯಿ ಕಟ್ಟಿಕೊಂಡು ಕುಳಿತ ಅಜ್ಜಿಯರಲ್ಲಿ ಎಷ್ಟೋ ಜನ ಇನ್ನೂ ಬದುಕಿದ್ದಾರೆ. ಮಾನ್ಯರೇ, ಅವರಿಗೆಲ್ಲ ವಯಸ್ಸಾಗಿದೆ. ಮುಂದಿನ ಸಭೆಯವರೆಗೆ ಕಾಯಬೇಡಿ.

ಇಂತಿ,
ನಿಮ್ಮ ಕೇಂದ್ರದಿಂದ ಶಭಾಷ್ ಪಡೆದ ತಾಯಿ, ತನ್ನ ತಾಯಿಯನ್ನು ತಡೆಯದ ಮಗಳು,
ಹೋಂಗ್ ಬಾವ್‌ಝು