ಪದರದ ಹೆಸರು ‘ಅವ್ವ’

ಗದಗ,
ಫೆಬ್ರವರಿ ೩೦, ೨೩೯೧

ಹನ್ನೆರಡು ತಲೆಮಾರಿನ ಹಿಂದಿನ ಪೂಜ್ಯ ಮುತ್ತಜ್ಜ ಚನ್ನವೀರ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳು ರಜೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪತ್ರಿಕೆಗಳಿಂದ ಕಲಿತೆ, ಎಡವಿದ್ದರೆ ಕ್ಷಮಿಸಿ. ‘ಪೂಜ್ಯ’ ಎಂದು ಬರೆದದ್ದು ರೂಢಿಗಾಗಿ ಮಾತ್ರ.

ಇಲ್ಲಿ ಓಣಿಗೊಂದು ದನಿಮನೆ ಇದೆ. ಹಾಡುವ ಮನೆತನಗಳು ತಮ್ಮ ಹಿರಿಯರ ಮುಖಗಳನ್ನು ಅದರ ಗೋಡೆಗೆ ಹಾಕಿರುತ್ತವೆ. ಹಿಟ್ಟು ಬೀಸಿಸಲು ಹೋಗುವವರು, ಕೆಲಸಕ್ಕೆ ಹೊರಟವರು ಅಲ್ಲಿ ಒಂದು ಗಳಿಗೆ ಕೂತು ಶ್ರುತಿ ಹಿಡಿದು ಮುಂದೆ ಹೋಗುತ್ತಾರೆ. ಈಚೆಗೆ ಹತ್ತು ವರ್ಷದಿಂದ ಹೆಸರೇರಿಕೆ ಎಂಬ ಪದ್ಧತಿ ಬಂದಿದೆ. ಎಂಟು ತುಂಬಿದ ಮಗು ಆ ಗೋಡೆಯ ಮುಂದೆ ನಿಂತು, ಮನೆತನದಲ್ಲಿ ಮೊದಲು ಹಾಡಿದವರಿಂದ ತನ್ನವರೆಗೆ ಒಬ್ಬೊಬ್ಬರ ಹೆಸರು ಹೇಳಬೇಕು. ಆಮೇಲೆಯೇ ಹಾಡು. ಮೊದಲ ಹೆಸರು ಗೊತ್ತಿಲ್ಲದಿದ್ದರೆ ಮಗು ಬಾಯಿ ತೆರೆಯುವಂತಿಲ್ಲ. ಬರುವ ಸೋಮವಾರ ನನ್ನ ಮಗಳು ಹೊನ್ನಿಯ ಹೆಸರೇರಿಕೆ. ನಮ್ಮ ಮೊದಲ ಚೌಕಟ್ಟು ಖಾಲಿ ಇದೆ. ನಮ್ಮ ಹಾಡಿಕೆ ನಿಮ್ಮ ತಾಯಿಯಿಂದ ಬಂತು, ಆಕೆ ತಂಬೂರಿ ಮೀಟುತ್ತಿದ್ದರು ಎಂಬುದಷ್ಟೇ ಬಾಯಿಂದ ಬಾಯಿಗೆ ಉಳಿದಿದೆ.

ಅದಕ್ಕೇ ಮನೆಯಲ್ಲಿ ಉಳಿದುಬಂದಿದ್ದ ನಿಮ್ಮ ಪೆನ್‌ಡ್ರೈವ್ ತೆರೆಸಿದೆ. ಸಂಗೀತ ಮಾಸಪತ್ರಿಕೆಗೆ ನೀವು ಹೊಂದಿಸಿದ ಒಂದು ಜೋಡಿಪುಟದ ಕರಡುಗಳು ಅದರಲ್ಲಿದ್ದವು: ಫೈನಲ್, ಫೈನಲ್ ಎರಡು, ಖರೇ ಫೈನಲ್, ಇದೇ ಫೈನಲ್. ಮೊದಲನೆಯದರಲ್ಲಿ ದೊಡ್ಡ ಗಾಯಕರು, ಅವರ ಹಿಂದೆ ತಂಬೂರಿ ಹಿಡಿದ ಒಬ್ಬ ಮುದುಕಿ. ಪುಟದಲ್ಲಿ ಆಕೆಯ ಚಿತ್ರವಿದ್ದ ಪದರಕ್ಕೆ, ಅಂದರೆ ನಿಮ್ಮ ಲೇಯರಿಗೆ, ನೀವು ಇಟ್ಟ ಹೆಸರು ‘ಅವ್ವ’. ನಾನು ಅತ್ತುಬಿಟ್ಟೆ. ಅಡಿಬರಹದಲ್ಲಿ ತಬಲಾದವರ ಹೆಸರಿತ್ತು, ಹಾರ್ಮೋನಿಯಂನವರ ಹೆಸರಿತ್ತು. ತಂಬೂರಿಯವರದು ಇರಲಿಲ್ಲ.

ಮುಂದಿನ ಕರಡಿನ ಅಂಚಿನಲ್ಲಿ ನಿಮ್ಮ ಸಂಪಾದಕರು ಬರೆದಿದ್ದರು: “ತಲಿಬರಹ ಇನ್ನೂ ದೊಡ್ಡದು ಮಾಡ್ರಿ. ಆ ಮುದುಕಿನ್ನ ಅತ್ತಾಗ ಸರಸ್ರಿ.” ನೀವು ಸರಿಸಿದಿರಿ. ಅರ್ಧ ಮುಖ ಎರಡು ಪುಟಗಳ ನಡುವಿನ ಮಡಿಕೆಗೆ ಹೋಯಿತು. ಖರೇ ಫೈನಲ್‌ನಲ್ಲಿ ಉಳಿದದ್ದು ತಂತಿಯ ಮೇಲಿನ ನಾಲ್ಕು ಬೆರಳು. ಅದರ ಪಕ್ಕದಲ್ಲಿ ಮತ್ತೆ ಸಂಪಾದಕರು: “ಈ ಬೆರಳು ಯಾರವ್ರಿ? ಅಸಹ್ಯ ಕಾಣ್ತಾವ, ಅಳಿಸ್ರಿ.”

ಅದರ ಕೆಳಗೆ ನಿಮ್ಮ ಉತ್ತರ: “ಆತ್ರೀ ಸರ್.”

ಥೂ! ನಮ್ಮವ್ವನ ಬೆರಳು ರೀ ಎಂದು ಬರೆಯಲು ಕೈ ಬರಲಿಲ್ಲವೇ? ನಿಮ್ಮ ಕೈಗೆ ಸೂಕ್ಷ್ಮವಿಲ್ಲ ಎಂದಾದರೂ ಸಮಾಧಾನ ಮಾಡಿಕೊಳ್ಳೋಣವೆಂದರೆ ಅದಕ್ಕೂ ಎಡೆಯಿಲ್ಲ. ತಲೆಬರಹದ ಒಂದು ಅಲ್ಪವಿರಾಮವನ್ನು ಕೂದಲೆಳೆಯಷ್ಟು ಸರಿಸಲು ಎರಡು ಸಲ ಕೂತಿದ್ದೀರಿ. ‘ಇದೇ ಫೈನಲ್’ನಲ್ಲಿ ಅಳಿಸಿದ ಬೆರಳಿನ ಜಾಗಕ್ಕೆ ತುಂಬಿದ ಹಿನ್ನೆಲೆಯ ನೀಲಿಯಲ್ಲಿ ಒಂದು ಕಲೆಯೂ ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಿಮ್ಮ ಕಾಲದವರು ಹೇಳುತ್ತಿದ್ದರಂತೆ. ಹೆಗ್ಗಣಕ್ಕೆ ಹೆತ್ತವಳು ಮುದ್ದೇ ಎಂದು ಯಾರೂ ಕೇಳಿದ ಹಾಗಿಲ್ಲ.

ಮೊದಲ ಕರಡಿನ ಆ ಮುಖವನ್ನು ತೆಗೆಸಿ ಖಾಲಿ ಚೌಕಟ್ಟಿಗೆ ಹಾಕಿದೆ. ಹೊನ್ನಿ ಬಹಳ ಹೊತ್ತು ನೋಡಿದಳು. ಹೆಸರು ಕೇಳಿದಳು. ‘ಅವ್ವ’ ಎಂದೆ.

“ಅವ್ವ ಅಂದ್ರ ನೀನಲ್ಲೇನ? ಈಕಿ ಹೆಸರೇನ?” ಎಂದಳು.

ಮನೆಯಲ್ಲಿ ನೀವೆಲ್ಲ ಅವ್ವ ಎಂದೇ ಕರೆದು ಮುಗಿಸಿದ್ದೀರಿ.

‘ಇದೇ ಫೈನಲ್’ ಪ್ರೆಸ್ಸಿಗೆ ಹೋಗುವ ಮೊದಲು ಈ ಕಾಗದ ಮುಟ್ಟಿದರೆ, ಸಂಪಾದಕರೊಡನೆ ಜಗಳಾಡಿ ಎಂದು ನಾನು ಕೇಳುವುದಿಲ್ಲ. ಅದು ನಿಮ್ಮಿಂದ ಆಗದು. ಬೆರಳು ಅಳಿಸುವುದಿದ್ದರೆ ಅಳಿಸಿ. ಆ ನೀಲಿಯ ಮೂಲೆಯಲ್ಲಿ ಎಲ್ಲಾದರೂ ಆಕೆಯ ಹೆಸರು ಬರೆಯಿರಿ. ಸಂಪಾದಕರ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರವಾದರೂ ಸರಿ. ಹೊನ್ನಿಯ ಕಣ್ಣು ಚುರುಕು, ಓದಿಕೊಳ್ಳುತ್ತಾಳೆ.

ಇಂತಿ,
ನಿಮ್ಮದೇ ರಕ್ತದ
ಸಾವಂತ್ರಿ