ಮಗುಚಿಟ್ಟ ಮುಚ್ಚಳ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಜಗಳಗಂಟಿ ಅಕ್ಕನಿಗೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಕೇಳಿದರೆ ಮುಖ ಗಂಟಿಕ್ಕಿಕೊಂಡೇ ಚೆನ್ನಾಗಿದ್ದೀನಿ ಅನ್ನುವವಳು ನೀನು. ಒಂದೇ ಬೀದಿಯ ಎರಡು ತುದಿಯಲ್ಲಿದ್ದುಕೊಂಡು ಕಾಗದ ಬರೆಯುವ ಗತಿ ಬಂತಲ್ಲ ಅಂತ ನನಗೇ ನಗು. ಏನು ಮಾಡಲಿ? ಫೋನ್ ಮಾಡಿದರೆ ಎತ್ತುವುದಿಲ್ಲ. ಬಾಗಿಲು ತಟ್ಟಿದರೆ ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತೀ. ಅದಕ್ಕೇ ಇದನ್ನು ನಿನ್ನ ಖಾಲಿ ಪಾತ್ರೆಯೊಳಗೆ ಹಾಕಿ ಹೋಗುತ್ತಿದ್ದೇನೆ.

ಪಾತ್ರೆಯ ಮುಚ್ಚಳ ಇವತ್ತೂ ಮಗುಚಿಕೊಂಡೇ ಇತ್ತು. ನೆಟ್ಟಗಿದ್ದರೆ ಹಾಲು ಹಾಕು, ಮಗುಚಿದ್ದರೆ ಬೇಡ ಅಂತ ಅಪ್ಪ ಗಿರಾಕಿಗಳಿಗೆಲ್ಲ ಹೇಳಿಕೊಟ್ಟ ಪದ್ಧತಿ. ಬೆಳಗಿನ ನಿದ್ದೆಗೆ ಭಂಗವಿಲ್ಲ, ಬಾಗಿಲು ತೆಗೆಯುವ ಗೋಜಿಲ್ಲ. ಊರಿಗೆ ಹೋಗುವವರು ಮಗುಚಿಟ್ಟು ಹೋಗುತ್ತಾರೆ, ಬಂದಮೇಲೆ ನೆಟ್ಟಗಿಡುತ್ತಾರೆ. ನಿನ್ನದು ಮಾತ್ರ ಆಪರೇಷನ್ ಮುಗಿಸಿ ಮನೆಗೆ ಬಂದಾಗಿನಿಂದ ಹಾಗೇ ಇದೆ. ಬೇಡವೆಂದರೆ ಪಾತ್ರೆಯನ್ನೇ ಒಳಗಿಟ್ಟುಕೊಳ್ಳಬಹುದಿತ್ತಲ್ಲ. ದಿನಾ ತೊಳೆದು, ಹೊರಗಿಟ್ಟು, ಮುಚ್ಚಳ ಮಗುಚಿ ನನಗೆ ಬೇಡ ಅನ್ನುವಷ್ಟು ಶ್ರಮ ಯಾಕೆ ಅಂತ ನಿನ್ನ ಮೆಟ್ಟಿಲ ಮೇಲೆ ನಿಂತು ಯೋಚಿಸುತ್ತೇನೆ. ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಆಮೇಲೆ ಎದುರುಮನೆಯವರಿಗೆ ಹಾಲು ಹಾಕಿ ಕೆಳಗಿಳಿಯುತ್ತೇನೆ.

ಆಸ್ಪತ್ರೆಯಿಂದ ಬಂದ ದಿನ ನೀನಂದದ್ದು ಇನ್ನೂ ಕಿವಿಯಲ್ಲೇ ಇದೆ. ಹಾಲು ಕುಡಿಯುವ ಹೆಂಗಸರಿಗೇ ಸ್ತನ ಕ್ಯಾನ್ಸರ್ ಬರುತ್ತೆ ಅಂತ ಯಾರೋ ಫೋನಿನಲ್ಲಿ ಭಾಷಣ ಬಿಗಿದದ್ದನ್ನು ನೀನು ನನಗೆ ಕೇಳಿಸಿದೆ. ಆಮೇಲೆ, ಚಿಕ್ಕವರಿದ್ದಾಗ ನಿನ್ನ ಲೋಟಾನೂ ನಾನೇ ಕುಡೀತಿದ್ದೆ ಕಣೇ, ನಿನಗೆ ಬರಬೇಕಾದ್ದೂ ನನಗೇ ಬಂತು ನೋಡು ಅಂದೆ. ಅಂದು ಬಾಗಿಲು ಹಾಕಿಕೊಂಡೆ.

ಕುಡಿದದ್ದು ನಿಜವೇ. ಹಾಲಿನವನ ಮಗಳಿಗೆ ಹಾಲು ಕಂಡರೆ ವಾಕರಿಕೆ ಅಂತ ಸುದ್ದಿಯಾದರೆ ವ್ಯಾಪಾರ ಏನಾದೀತು ಅಂತ ಅಪ್ಪನಿಗೆ ದಿಗಿಲು. ಅವರು ಆ ಕಡೆ ತಿರುಗಿದ ಕೂಡಲೇ ನೀನು ಲೋಟ ಬದಲಾಯಿಸಿ ಗಟಗಟ ಕುಡಿದು, ಹಾಲಿನ ಮೀಸೆ ಒರೆಸಿಕೊಂಡು, ಪಾಪದವಳ ಹಾಗೆ ಕೂರುತ್ತಿದ್ದೆ. ನಾನು ಇವತ್ತಿಗೂ ಕಪ್ಪು ಚಹಾದವಳೇ. ಲೋಟ ಬದಲಾಯಿಸುವುದನ್ನು ನೀನು ನನ್ನ ಮೇಲೆ ತೋರಿಸುತ್ತಿದ್ದ ಪ್ರೀತಿ ಅಂದುಕೊಂಡು ಬೆಳೆದವಳು ನಾನು. ಅದನ್ನೇ ಹೀಗೆ ಎತ್ತಿ ಆಡಿದೆಯಲ್ಲ ಅಕ್ಕ.

ಆವತ್ತು ಸಂಜೆ ಹಾಲು ಕರೆಯುವಾಗ ಬಿಳಿ ಹಸುವಿನ ಮುಖ ನೋಡಿ, ಏನೇ, ನೀನೇನಾ ಅಂತ ಕೇಳಿಯೂ ಬಿಟ್ಟೆ. ಅದು ಮೆಲುಕು ಹಾಕುತ್ತ ನನ್ನನ್ನೇ ನೋಡಿತು. ಮರುದಿನ ಗಿರಾಕಿಗಳ ಪಾತ್ರೆಗೆ ಹಾಲು ಸುರಿಯುವಾಗ ಕೈ ತಡೆಯಿತು. ಮೂರನೇ ಮಹಡಿಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾನೇನು ಹಂಚುತ್ತಿದ್ದೇನೆ ಅಂತ ಗೊತ್ತಾಗದೆ ಹೋದರೆ ಈ ಕ್ಯಾನ್ ಹೊರುವುದಾದರೂ ಹೇಗೆ? ಅದಕ್ಕೇ ನಿನ್ನ ಡಾಕ್ಟರಮ್ಮನ ಹತ್ತಿರ ಹೋಗಿ ಕೂತೆ. ಸಗಣಿ ವಾಸನೆಗೋ ಏನೋ, ಪಕ್ಕದ ಕುರ್ಚಿ ಕೊನೆಯವರೆಗೂ ಖಾಲಿಯೇ ಇತ್ತು.

ನನ್ನ ಹಾಲು ಅಕ್ಕನಿಗೆ ಕ್ಯಾನ್ಸರ್ ತಂತಾ ಅಂತ ಸೀದಾ ಕೇಳಿದೆ. ಅವರು ನಗಲಿಲ್ಲ. ಈ ವಿಷಯದಲ್ಲಿ ಅಧ್ಯಯನಗಳು ಒಂದೇ ಕಡೆ ಕೈ ತೋರಿಸೋದಿಲ್ಲಮ್ಮ ಅಂದರು. ಸ್ತನದ ಕ್ಯಾನ್ಸರಿಗೆ ಬಂದರೆ, ಹಾಲು ಕುಡಿಯುವವರಲ್ಲಿ ಸ್ವಲ್ಪ ಕಡಿಮೆ ಅಂತ ಕೆಲವು ಹೇಳುತ್ತವಂತೆ, ಸ್ವಲ್ಪ ಹೆಚ್ಚು ಅಂತ ಕೆಲವು, ವ್ಯತ್ಯಾಸವೇ ಇಲ್ಲ ಅಂತ ಇನ್ನು ಕೆಲವು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹಾಲಿನಿಂದ ಒಳ್ಳೆಯದೇ ಆಗುವಂತೆ ಕಾಣುತ್ತದಂತೆ. ಒಬ್ಬಳು ಹೆಂಗಸಿಗೆ ಕಾಯಿಲೆ ಬಂದದ್ದು ಲೋಟದ ಹಾಲಿನಿಂದಲೇ ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ, ಅದರಿಂದ ಅಲ್ಲವೇ ಅಲ್ಲ ಅಂತ ನಾನು ಆಣೆ ಹಾಕಿದರೂ ನಂಬಬೇಡಿ ಅಂದರು. ನನಗೆ ಹೌದು ಅಥವಾ ಅಲ್ಲ ಅನ್ನುವ ಉತ್ತರ ಬೇಕಿತ್ತು. ಅದು ಅವರ ಹತ್ತಿರವೂ ಇರಲಿಲ್ಲ.

ನಿನ್ನ ವಿಷಯಕ್ಕೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಿದರು. ನೀನೀಗ ನುಂಗುವ ಮಾತ್ರೆ ಮೂಳೆಯನ್ನು ಸವೆಸುತ್ತದಂತೆ. ಹಾಲು ಬೇಡದಿದ್ದರೆ ಬೇಡ, ಬಲವಂತವಿಲ್ಲ. ಆದರೆ ಸೊಪ್ಪು, ಎಳ್ಳು, ಇನ್ನೇನಾದರೂ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಏನನ್ನೂ ತಿನ್ನದೆ ಹಟ ಹಿಡಿದರೆ ಏನೂ ಒಳ್ಳೆಯದಾಗುವುದಿಲ್ಲ ಅಂದರು. ಆಮೇಲೆ ನನ್ನನ್ನೂ ಏನೇನೋ ಕೇಳಿದರು. ಅದು ಬಿಡು.

ಹಾಲು ಕುಡಿ ಅಂತ ಹೇಳಲು ಈ ಕಾಗದ ಬರೆಯುತ್ತಿಲ್ಲ ಅಕ್ಕ. ನಿನ್ನ ಪಾಲಿನದನ್ನು ಮೊಸರಿಗೆ ಹಾಕಿ ಮಾರಿಕೊಂಡು ಸುಖವಾಗಿದ್ದೇನೆ. ನನಗೆ ಬೇಕಾದದ್ದು ನೀನು. ನಿನ್ನ ಜೊತೆ ಕೂತು ಎದುರುಮನೆಯವರ ಬಗ್ಗೆ ಆಡಿಕೊಳ್ಳದೆ ನನಗೆ ಉಂಡದ್ದು ಅರಗುತ್ತಿಲ್ಲ. ನನ್ನ ರವಿಕೆಯ ಹೊಲಿಗೆ ಬೇರೆ ಬಿಟ್ಟಿದೆ, ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಈಚೆಗೆ ಕ್ಯಾನ್ ಎಡಗೈಲಿ ಹಿಡಿದು ಬರುತ್ತಿರುವುದನ್ನು ನೀನು ಕಿಟಕಿಯಿಂದ ನೋಡಿರುತ್ತೀ, ನನಗೆ ಗೊತ್ತು. ಗಾಬರಿ ಬೇಡ, ಬಲಭುಜ ಹಿಡಿದುಕೊಂಡಿದೆ ಅಷ್ಟೆ. ವಯಸ್ಸಾಯಿತು ನೋಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೈಯುವುದಿದ್ದರೆ ಎದುರಿಗೆ ಬಂದು ಬೈ.

ಇಂತಿ,
ನೀನು ಎಷ್ಟು ನೂಕಿದರೂ ಹೋಗದ
ನಿನ್ನ ತಂಗಿ, ಬಾಯಿಬಡುಕಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಭುಜದ ಮಾತು ಸುಳ್ಳು. ಅಕ್ಕನಿಗೆ ಬಂದಮೇಲೆ ನೀವು ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ ಡಾಕ್ಟರಮ್ಮ ಅವತ್ತೇ ನನ್ನನ್ನು ಒಳಗೆ ಕಳಿಸಿದರು. ಬಲಗಡೆ ಕಂಕುಳ ಹತ್ತಿರ ಒಂದು ಗಂಟು. ಸೂಜಿ ಹಾಕಿ ತೆಗೆದು ನೋಡಿದರು, ಅದೇ ಅಂತೆ. ಚಿಕ್ಕದು, ಬೇಗ ಸಿಕ್ಕಿತು ಅಂದರು. ನೀನು ಸಿಟ್ಟಾಗದಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಒಂದು ಲೋಟ ಹಾಲನ್ನೂ ಕುಡಿಯದ ನನಗೂ ಬಂತಲ್ಲ ಅಂದದ್ದಕ್ಕೆ, ಅದರಿಂದಲೂ ಹಾಲಿನ ಬಗ್ಗೆ ಏನೂ ಸಾಬೀತಾಗೋದಿಲ್ಲ ಅಂದರು. ಆದರೆ ನನ್ನ ಪಾಲಿನದನ್ನು ನೀನು ತೆಗೆದುಕೊಳ್ಳಲಿಲ್ಲ ಅಕ್ಕ, ಅಷ್ಟಂತೂ ಈಗ ಗೊತ್ತಾಯಿತು. ಗುರುವಾರ ಆಪರೇಷನ್ ಬಗ್ಗೆ ಮಾತಾಡಲು ಕರೆದಿದ್ದಾರೆ. ಒಬ್ಬಳೇ ಹೋಗಲು ನನಗೆ ತುಂಬ ಹೆದರಿಕೆ. ನಾಳೆ ಮುಚ್ಚಳ ನೆಟ್ಟಗಿಡು. ಹಾಲು ಹಾಕುವುದಿಲ್ಲ, ನೀನು ಜೊತೆಗೆ ಬರುತ್ತೀ ಅಂತ ತಿಳಿದುಕೊಳ್ಳುತ್ತೇನೆ.