ಬಾಗಿಲಿಲ್ಲದ ಅಡುಗೆಮನೆಯ ಹಾಡು

ಹಾಪ್ಕಿನ್ಸ್, ಬೆಲೀಜ್
ಅಕ್ಟೋಬರ್ ೩, ೧೯೮೮

ಹಡಗಿನಲ್ಲಿರುವ ನನ್ನ ಪ್ರೀತಿಯ ಸಾಬಿನೋ ಅವರಿಗೆ,

ಬೆನ್ನುನೋವು ಹೇಗಿದೆ? ಹಡಗಿನ ಅಡುಗೆಯವನು ಈಗಲಾದರೂ ಮೀನಿಗೆ ತೆಂಗಿನಹಾಲು ಹಾಕುತ್ತಾನೆಯೇ? ಇಲ್ಲಿ ಮಕ್ಕಳು ಚೆನ್ನಾಗಿದ್ದಾರೆ. ಅತ್ತೆಯ ಮಂಡಿ ಹಿಡಿದುಕೊಂಡಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ: ನಿಮ್ಮ ಮೇಲೆ ಹಾಡು ಕಟ್ಟಿದ್ದೇನೆ. "ಒಂದೇ ತಿಂಗ್ಳು ಕಣೇ, ಬಂದು ಅಡುಗೆಮನೆಗೆ ಬಾಗ್ಲು ಇಡ್ತೀನಿ" ಎಂದು ಹೋದವರು ನೀವು, ಎರಡು ವರ್ಷವಾಯಿತು. ಎರಡು ತಿಂಗಳ ಹಿಂದೆ ಪಕ್ಕದ ಮನೆಯ ಹಂದಿ ನುಗ್ಗಿ, ಒಂದು ವಾರದ ಮರಗೆಣಸಿನ ರೊಟ್ಟಿ ತಿಂದು, ಒಲೆಯ ಮುಂದೆಯೇ ಗೊರಕೆ ಹೊಡೆಯುತ್ತಾ ಮಲಗಿತು. ಮರುದಿನ ಹೆಂಗಸರೆಲ್ಲ ಗೆಣಸು ತುರಿಯಲು ಕೂತಾಗ ಹೊಟ್ಟೆಯ ಉರಿ ಹಾಡಾಗಿ ಹೊರಬಂತು. ಗಂಡನ ಮೇಲಿನ ದೂರನ್ನು ನಾವು ಇನ್ನೆಲ್ಲಿ ಹೇಳಿಕೊಳ್ಳಬೇಕು? "ಸಾಬಿನೋ ಸಮುದ್ರದ ಮೇಲೆ, ಹಂದಿ ನನ್ನೊಲೆ ಮುಂದೆ, ಯಾರಿಗೆ ಯಜಮಾನ್ರೇ ಅನ್ಲಿ?" ಅಷ್ಟೇ ಹಾಡಿದ್ದು. ಅತ್ತೆ ಬೈಯುತ್ತಾರೆಂದು ಹೆದರಿದ್ದೆ. ಅವರೋ, ನೋವಿನ ಮಂಡಿಯನ್ನೂ ಮರೆತು ಎದ್ದು ಸೊಂಟ ಕುಣಿಸುತ್ತಾ, "ಹೊಟ್ಟೆಯಿಂದ ಹೊರಗೆ ಬರೋಕೂ ಹದಿನೈದು ದಿನ ತಡ ಮಾಡ್ದೋನು ನನ್ಮಗ" ಎಂದು ಇನ್ನೊಂದು ಸಾಲು ಸೇರಿಸಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಕೇಳಿಸಿಕೊಂಡ ನಿಮ್ಮ ತಮ್ಮ ಮಾರ್ಸೆಲಿನೋ ಡಾಂಗ್ರಿಗಾ ಪಟ್ಟಣದ ತನ್ನ ವಾದ್ಯತಂಡಕ್ಕೆ ಅದನ್ನು ಹೊತ್ತೊಯ್ದು, ಡೋಲು, ಆಮೆಚಿಪ್ಪಿನ ಜೊತೆಗೆ ಎಲೆಕ್ಟ್ರಿಕ್ ಗಿಟಾರನ್ನೂ ಕೂಡಿಸಿ ಹುಡುಗರು ಕುಣಿಯುವ ಪುಂಟಾ ರಾಕ್ ಮಾಡಿಬಿಟ್ಟ. ಈಗ ರೇಡಿಯೋದಲ್ಲೂ ಬಸ್ಸಿನಲ್ಲೂ ನಿಮ್ಮದೇ ಹೆಸರು. ಪಾದ್ರಿಗಳೂ ಗುನುಗುತ್ತಾರೆ. ಹಾಡು ಕೇಳಿ ಮೂವರು ಬಡಗಿಗಳು ತಾವಾಗಿಯೇ ಬಂದು ಅಳತೆ ತೆಗೆಯಲು ನಿಂತರು. ಮೂವರನ್ನೂ ವಾಪಸು ಕಳಿಸಿದೆ. ನನಗೆ ಬೇಕಾದದ್ದು ಬಾಗಿಲಲ್ಲ, ನೀವು. ಎಲ್ಲರೆದುರು ಹಾಗೆ ಹಾಡಲು ನಾಚಿಕೆಯಾಗಿ ಹಂದಿಯನ್ನು ಮುಂದೆ ಮಾಡಿದೆ.

ಸಿಟ್ಟಾಗಬೇಡಿ. ಹಿರಿಯರ ಆತ್ಮಗಳು ನಿಮ್ಮನ್ನೂ ಹಡಗನ್ನೂ ಕಾಯಲಿ.

ನಿಮ್ಮ
ಸಿಮಿಯೋನಾ

ತಾ.ಕ.: ಹಾಡಿಗೆ ಹಾಡೇ ಉತ್ತರ, ಪತ್ರ ಬರೆದರೆ ಊರು ಒಪ್ಪುವುದಿಲ್ಲ. ನಮ್ಮ ಜನ ಈ ದಡಕ್ಕೆ ಬಂದಿಳಿದ ನೆನಪಿನ ನವೆಂಬರ್ ಹತ್ತೊಂಬತ್ತರ ಹಬ್ಬಕ್ಕೆ ನಮ್ಮನ್ನು ವೇದಿಕೆಗೆ ಕರೆದಿದ್ದಾರೆ. ಬಂದು ನಿಮ್ಮ ಉತ್ತರ ನೀವೇ ಹಾಡಿ. ಬಾರದಿದ್ದರೆ ನಿಮ್ಮ ಪರವಾಗಿ ಅತ್ತೆಯೇ ಹಾಡುತ್ತಾರಂತೆ. ಅವರು ಕಟ್ಟಿದ್ದನ್ನು ನಿನ್ನೆ ಕೇಳಿದೆ. ನೀವು ಎಷ್ಟನೇ ವಯಸ್ಸಿನವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದಿರಿ ಎಂಬಲ್ಲಿಂದ ಶುರುವಾಗುತ್ತದೆ. ಮಾರ್ಸೆಲಿನೋ ಆಗಲೇ ಗಿಟಾರು ಶ್ರುತಿ ಮಾಡುತ್ತಿದ್ದಾನೆ.